ಎಮ್ಮೆ ಕೊಂಬೇರಿದ ಸೀತಾಳೆ

ಒಂದು ಕೆರೆ. ಕೆರೆ ಪಕ್ಕ ಜೌಗು. ಜೌಗಲ್ಲಿ ಒಂದು ಬಿಳಿ ಸೀತಾಳೆ ಹೂ. ಹೂವಿನ ಬುಡದಲ್ಲಿ ಕಪ್ಪೆ ಸಣ್ಣವ್ವನ ಮನೆ. ಸಂಜೆ ಆದರೆ ಇಬ್ಬರೂ ಮಾತಾಡುತ್ತಾ ಕೂರುತ್ತಿದ್ದರು.

ಒಂದು ದಿನ ಎಮ್ಮೆ ಬಂತು. ಕೊಂಬಿನಿಂದ ಕೆಸರು ಬಗೆಯಿತು. ಹೂವು, ಗೆಡ್ಡೆ, ಮಣ್ಣಿನ ಹೆಂಟೆ, ಎಲ್ಲ ಕೊಂಬಿಗೆ ಸಿಕ್ಕಿಕೊಂಡವು.

"ಎಮ್ಮಕ್ಕಾ, ನನ್ನ ಹೂ ಕೊಡೇ. ಗೆಡ್ಡೆ ಒಣಗಿದರೆ ಹೂ ಸಾಯುತ್ತೆ."

"ಕೊಡಲ್ಲ ಹೋಗೇ. ನಾನೀಗ ಮದುಮಗಳು!"

ಸಣ್ಣವ್ವ ಬೆಳ್ಳಕ್ಕಿ ಹತ್ತಿರ ಹೋದಳು.

"ಬೆಳ್ಳಕ್ಕಣ್ಣಾ, ಎಮ್ಮೆ ಹೂ ಕೊಡಲ್ಲ. ಎಮ್ಮೆ ಕಿವಿ ಕುಕ್ಕೋ."

"ಅವಳ ಬೆನ್ನ ಮೇಲೇ ನನ್ನ ಊಟ. ಕುಕ್ಕಲ್ಲ."

ಸಣ್ಣವ್ವ ಏಡಿ ಹತ್ತಿರ ಹೋದಳು.

"ಏಡಿ ಮಾವಾ, ಬೆಳ್ಳಕ್ಕಿ ಎಮ್ಮೆ ಕಿವಿ ಕುಕ್ಕಲ್ಲ, ಎಮ್ಮೆ ಹೂ ಕೊಡಲ್ಲ. ಬೆಳ್ಳಕ್ಕಿ ಕಾಲು ಚಿವುಟೋ."

"ಅದೇನು ಕಾಲಾ, ಕಡ್ಡಿ! ಚಿವುಟಲ್ಲ."

ಏಡಿ ಹಿಡಿಯೋ ಭರ್ಮಕ್ಕ ದಂಡೆ ಮೇಲೆ ಕೂತಿದ್ದಳು. ಎಲೆ ಅಡಿಕೆ ಸಂಚಿ ಬಿಚ್ಚುತ್ತಿದ್ದಳು.

"ಭರ್ಮಕ್ಕಾ, ಏಡಿ ಬೆಳ್ಳಕ್ಕಿ ಕಾಲು ಚಿವುಟಲ್ಲ, ಬೆಳ್ಳಕ್ಕಿ ಎಮ್ಮೆ ಕಿವಿ ಕುಕ್ಕಲ್ಲ, ಎಮ್ಮೆ ಹೂ ಕೊಡಲ್ಲ. ಏಡಿ ಹಿಡಿಯೇ."

"ಬಾಯಿಗೆ ಎಲೆ ಬೀಳದೆ ನಾನು ಬಿಲಕ್ಕೆ ಕೈ ಹಾಕಲ್ಲ. ಹಿಡಿಯಲ್ಲ."

ಬಿಸಿಲು ಏರಿತು. ಹೂ ತಲೆ ಬಾಗಿಸಿತು.

ಸಣ್ಣವ್ವ ನೋಡಿದಳು. ಇನ್ನು ಯಾರ ಹತ್ತಿರವೂ ಹೋಗಲಿಲ್ಲ. ಸಂಚಿಯೊಳಕ್ಕೇ ಜಿಗಿದಳು, ಚಂಗ್! ಒದ್ದೆ ವೀಳ್ಯದೆಲೆ ತಣ್ಣಗಿತ್ತು. ಕಾಲು ಚಾಚಿ ಕೂತಳು.

"ಅಯ್ಯೋ ನನ್ನ ಎಲೆ! ಆಚೆ ಬಾರೇ ಮುಂಡೇದೆ!"

"ಭರ್ಮಕ್ಕ ಏಡಿ ಹಿಡಿಯಲ್ಲ, ಏಡಿ ಬೆಳ್ಳಕ್ಕಿ ಕಾಲು ಚಿವುಟಲ್ಲ, ಬೆಳ್ಳಕ್ಕಿ ಎಮ್ಮೆ ಕಿವಿ ಕುಕ್ಕಲ್ಲ, ಎಮ್ಮೆ ಹೂ ಕೊಡಲ್ಲ. ನಾನೂ ಬರಲ್ಲ!"

"ಹಿಡೀತೀನಿ ಮಾರಾಯ್ತೀ, ಹಿಡೀತೀನಿ!"

ಭರ್ಮಕ್ಕ ಬಿಲಕ್ಕೆ ಕೈ ಹಾಕಿದಳು.

"ಬೇಡ ಬೇಡ, ಚಿವುಟ್ತೀನಿ!" ಏಡಿ ಬೆಳ್ಳಕ್ಕಿಯ ಕಾಲು ಚಿವುಟಿತು.

"ಅಯ್ಯಯ್ಯೋ, ಕುಕ್ತೀನಿ!" ಬೆಳ್ಳಕ್ಕಿ ಎಮ್ಮೆಯ ಕಿವಿ ಕುಕ್ಕಿತು.

"ಉಯ್ಯಯ್ಯೋ!" ಎಮ್ಮೆ ತಲೆ ಕೊಡವಿತು.

ಹೂ ಬಿತ್ತು, ಪಚಕ್!

ಸಣ್ಣವ್ವ ಸಂಚಿಯಿಂದ ಹಾರಿ ಬಂದಳು. ಗೆಡ್ಡೆಯನ್ನು ಹಿಂಗಾಲಲ್ಲಿ ದೂಡಿದಳು. ಗುಂಡಿಗೆ ಕೂರಿಸಿದಳು. ಕುಣಿದು ಕುಣಿದು ಕೆಸರು ತುಳಿದಳು.

ಸಂಜೆ ಆಯಿತು. ಹೂ ಮೆಲ್ಲಗೆ ತಲೆ ಎತ್ತಿತು. ಘಮ್ ಎಂದಿತು.

"ಹೆದರಿದ್ದೆಯಾ?" ಕೇಳಿದಳು ಸಣ್ಣವ್ವ.

"ಯಾಕೆ? ಎಮ್ಮೆ ಮೇಲಿಂದ ಕೆರೆಯೆಲ್ಲಾ ಕಂಡಿತು."

"ಇನ್ನೊಂದು ಸಲ ಹೋಗು, ನೋಡ್ತೀನಿ!"

ಸಣ್ಣವ್ವ ಹೂವಿನ ಬುಡಕ್ಕೆ ಒತ್ತಿಕೊಂಡು ಕೂತಳು.