ಬೂದಿಗೆ ಬಿದ್ದ ಹಳದಿ ಹಾಲು

ಹತ್ತಿರ ಬನ್ನಿ ಮಕ್ಕಳೇ. ಇನ್ನೂ ಹತ್ತಿರ. ಇದು ನಗೋ ಕತೆ ಅಲ್ಲ. ಆದರೂ ಕೇಳಿ.

ಒಂದು ಊರು. ಆ ಊರಲ್ಲಿ ದುಗ್ಗಿ ಅಂತ ಒಬ್ಬ ಹುಡುಗಿ. ದುಗ್ಗಿಗೆ ತಮ್ಮ ಹುಟ್ಟಿದ. ಪುಟಾಣಿ ಪಾಪು. ಅಮ್ಮನ ಎದೆಗೆ ಹಾಲು ಬಂತು. ಹಳದಿ ಹಾಲು. ಮಂದ ಹಾಲು. ಸ್ವಲ್ಪವೇ ಸ್ವಲ್ಪ ಹಾಲು.

ಅಜ್ಜಿ ನೋಡಿದಳು. "ಇದು ಕೆಟ್ಟ ಹಾಲು" ಅಂದಳು. ಒಲೆ ಬೂದಿಗೆ ಹಿಂಡಿಸಿಬಿಟ್ಟಳು. ಹಾಲನ್ನು ಬೂದಿ ಕುಡಿಯಿತು. ಪಾಪು ಅತ್ತಿತು.

ಆ ಅಳು ಕೇಳಿ ದುಗ್ಗಿ ಎದ್ದಳು. ಅಮ್ಮನ ಹತ್ತಿರ ಹೋದಳು.

"ಅಮ್ಮ, ಅಮ್ಮ, ಹಾಲು ಕೊಡು. ನೀನು ಕೊಡದೆ ಪಾಪು ಉಳಿಯಲ್ಲ."

"ನಾನು ಹೆಂಗೆ ಕೊಡಲಿ ಮಗಳೇ? ಅಜ್ಜಿ ಬಿಡಲ್ಲ" ಅಂದಳು ಅಮ್ಮ.

ದುಗ್ಗಿ ಅಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಅಜ್ಜಿ, ಬಿಡು. ನೀನು ಬಿಡದೆ ಅಮ್ಮ ಕೊಡಲ್ಲ. ಅಮ್ಮ ಕೊಡದೆ ಪಾಪು ಉಳಿಯಲ್ಲ."

"ಸೋದರತ್ತೆ ಬರಬೇಕು. ಅವಳೇ ಪಾಪುನ ಎತ್ತಿ ಅಮ್ಮನ ಮಡಿಲಿಗೆ ಹಾಕಬೇಕು. ಅದು ನಮ್ಮ ಮನೆ ಪದ್ಧತಿ. ಅಲ್ಲೀತನಕ ಬಿಡಲ್ಲ" ಅಂದಳು ಅಜ್ಜಿ.

ದುಗ್ಗಿ ಮೇಲಿನ ಕೇರಿಗೆ ಓಡಿದಳು. ಅಲ್ಲಿ ಸೋದರತ್ತೆ ಕಾಳವ್ವ ಮುಖ ಊದಿಸಿಕೊಂಡು ಕೂತಿದ್ದಳು.

"ಅತ್ತೆ, ಅತ್ತೆ, ಬಾ. ನೀನು ಬರದೆ ಅಜ್ಜಿ ಬಿಡಲ್ಲ. ಅಜ್ಜಿ ಬಿಡದೆ ಅಮ್ಮ ಕೊಡಲ್ಲ. ಅಮ್ಮ ಕೊಡದೆ ಪಾಪು ಉಳಿಯಲ್ಲ."

"ಬರಿಗೈಲಿ ಮಗು ಎತ್ತೋಕೆ ನಾನೇನು ಗತಿಗೆಟ್ಟವಳಾ? ಬಳೆಗಾರ ಹೊಸ ಬಳೆ ತೊಡಿಸಲಿ. ಆಮೇಲೆ ಬರ್ತೀನಿ" ಅಂದಳು ಅತ್ತೆ.

ನೋಡಿದ್ರಾ? ಅಲ್ಲಿ ಪಾಪು ಬಾಯಿ ಒಣಗುತ್ತಿದೆ. ಇಲ್ಲಿ ಅತ್ತೆಗೆ ಬಳೆ ಚಿಂತೆ. ಮನೆ ಕಡೆಯಿಂದ ಅಳು ಕೇಳಿಸಿತು. ಮೊದಲಿಗಿಂತ ಸಣ್ಣ ಅಳು.

ದುಗ್ಗಿ ಬಳೆಗಾರ ಮಲಿಯಣ್ಣನ ಮನೆಗೆ ಓಡಿದಳು. ಮಲಿಯಣ್ಣ ಜಗಲಿ ಮೇಲೆ ಬಿದ್ದುಕೊಂಡಿದ್ದ. ಒಡೆದ ಬಳೆ ಅವನ ಅಂಗಾಲು ಕೊಯ್ದಿತ್ತು. ಗಾಯಕ್ಕೆ ಹಿತ್ತಲ ಮಣ್ಣು ಮೆತ್ತಿಕೊಂಡಿದ್ದ. ನೊಣ ಗುಂಯ್ ಅನ್ನುತ್ತಿದ್ದವು.

"ಮಲಿಯಣ್ಣ, ಮಲಿಯಣ್ಣ, ಏಳು. ನೀನು ಏಳದೆ ಅತ್ತೆ ಬರಲ್ಲ. ಅತ್ತೆ ಬರದೆ ಅಜ್ಜಿ ಬಿಡಲ್ಲ. ಅಜ್ಜಿ ಬಿಡದೆ ಅಮ್ಮ ಕೊಡಲ್ಲ. ಅಮ್ಮ ಕೊಡದೆ ಪಾಪು ಉಳಿಯಲ್ಲ."

"ಕಾಲು ಊರೋಕೆ ಆಗಲ್ಲ ಕಣವ್ವ. ಗಾಯ ಮುಚ್ಚಿದ್ರೆ ಏಳ್ತೀನಿ" ಅಂದ ಬಳೆಗಾರ.

ಮನೆ ಕಡೆಯಿಂದ ಅಳು ಕೇಳಿಸಿತು. ಬೆಕ್ಕಿನ ಮರಿಯ ದನಿಯಷ್ಟೇ ಅಳು.

ದುಗ್ಗಿ ಗಾಯದ ಹತ್ತಿರ ಬಗ್ಗಿದಳು.

"ಗಾಯವೇ, ಗಾಯವೇ, ಮುಚ್ಚಿಕೋ. ನೀನು ಮುಚ್ಚದೆ ಬಳೆಗಾರ ಏಳಲ್ಲ. ಬಳೆಗಾರ ಏಳದೆ ಅತ್ತೆ ಬರಲ್ಲ. ಅತ್ತೆ ಬರದೆ ಅಜ್ಜಿ ಬಿಡಲ್ಲ. ಅಜ್ಜಿ ಬಿಡದೆ ಅಮ್ಮ ಕೊಡಲ್ಲ. ಅಮ್ಮ ಕೊಡದೆ ಪಾಪು ಉಳಿಯಲ್ಲ."

"ನಾನು ಮುಚ್ಚಲ್ಲ" ಅಂದಿತು ಗಾಯ. "ನನ್ನೊಳಗೆ ಹುಳ ನುಗ್ಗಿವೆ. ಕಣ್ಣಿಗೆ ಕಾಣದ ಹುಳ. ನನ್ನ ಅಂಚಿನ ಚರ್ಮದಲ್ಲಿ ಕಾವಲಿನವರಿದ್ದಾರೆ. ಅವರು ಗೆದ್ರೆ ಮುಚ್ತೀನಿ."

ದುಗ್ಗಿ ಮನೆ ಕಡೆ ಕಿವಿಗೊಟ್ಟಳು. ಅಳು ಇಲ್ಲ. ಮತ್ತೆ ಗಾಯದ ಕಡೆ ಬಗ್ಗಿದಳು.

"ಕಾವಲಿನವರೇ, ಕಾವಲಿನವರೇ, ಗೆಲ್ಲಿ. ನೀವು ಗೆಲ್ಲದೆ ಗಾಯ ಮುಚ್ಚಲ್ಲ. ಗಾಯ ಮುಚ್ಚದೆ ಬಳೆಗಾರ ಏಳಲ್ಲ. ಬಳೆಗಾರ ಏಳದೆ ಅತ್ತೆ ಬರಲ್ಲ. ಅತ್ತೆ ಬರದೆ ಅಜ್ಜಿ ಬಿಡಲ್ಲ. ಅಜ್ಜಿ ಬಿಡದೆ ಅಮ್ಮ ಕೊಡಲ್ಲ. ಅಮ್ಮ ಕೊಡದೆ ಪಾಪು ಉಳಿಯಲ್ಲ."

ಚರ್ಮದೊಳಗಿಂದ ಸಣ್ಣ ದನಿಗಳು ಬಂದವು.

"ನಾವು ಹುಳಕ್ಕಿಂತ ಸಣ್ಣವರು ಮಗಳೇ. ಆದರೂ ಹುಳದ ಮೈ ತೂತು ಮಾಡ್ತೀವಿ. ತೂತು ಬಿದ್ರೆ ಹುಳ ಸಾಯ್ತದೆ. ಆದರೆ ಮಣ್ಣಿಂದ ಇನ್ನಷ್ಟು ಬರ್ತವೆ. ನಮಗೆ ಸಾಕಾಗಿಹೋಗಿದೆ. ಈ ಮಣ್ಣು ತೊಳಿ."

ದುಗ್ಗಿ ನೀರು ಕುದಿಸಿದಳು. ಆರಿಸಿದಳು. ಮಣ್ಣು ತೊಳೆದಳು. ಬಳೆಗಾರ ಹಲ್ಲು ಕಚ್ಚಿಕೊಂಡ. ಒಗೆದ ಬಟ್ಟೆ ಕಟ್ಟಿದಳು. ನೊಣ ಓಡಿಸುತ್ತಾ ಕೂತಳು.

"ಇನ್ನು ನಾವು ನೋಡ್ಕೋತೀವಿ" ಅಂದರು ಕಾವಲಿನವರು. "ಆದರೆ ನಿನ್ನ ಪಾಪುನ ಕಾಯೋರು ಯಾರು? ನಮ್ಮ ದೊಡ್ಡ ದಂಡು ಹಳದಿ ಹಾಲಲ್ಲಿ ಇರ್ತದೆ."

"ಅದನ್ನ ಅಜ್ಜಿ ಬೂದಿಗೆ ಹಿಂಡಿಸಿಬಿಟ್ಟಳು."

ಕಾವಲಿನವರು ಅಂದರು: "ಎದೆಯಲ್ಲಿ ಇನ್ನೂ ಇರಬಹುದು. ಓಡು."

ಕಾವಲಿನವರು ಗೆದ್ದರು. ಗಾಯ ಮುಚ್ಚಿತು. ಗಾಯ ಮುಚ್ಚಿತು, ಬಳೆಗಾರ ಎದ್ದ. ಬಳೆಗಾರ ಎದ್ದ, ಅತ್ತೆಗೆ ಬಳೆ ತೊಡಿಸಿದ. ಬಳೆ ತೊಟ್ಟ ಅತ್ತೆ ಬಂದಳು. ಪಾಪುನ ಎತ್ತಿದಳು. ಪಾಪು ಮೈ ಕೆಂಡದ ಹಾಗೆ ಸುಡುತ್ತಿತ್ತು. ಕಣ್ಣು ಬಿಡುತ್ತಿರಲಿಲ್ಲ.

"ಮೊದಲು ಹಳದಿ ಹಾಲು ಹಿಂಡಿ ಚೆಲ್ಲು" ಅಂದಳು ಅಜ್ಜಿ, ಅಮ್ಮನಿಗೆ.

ದುಗ್ಗಿ ಓಡಿಬಂದು ಅಡ್ಡ ನಿಂತಳು. "ಚೆಲ್ಲಿಸಬೇಡ ಅಜ್ಜಿ. ಪಾಪುನ ಕಾಯೋರು ಅದರಲ್ಲೇ ಇದ್ದಾರೆ."

ಅಜ್ಜಿ ದುಗ್ಗಿಯನ್ನು ನೋಡಿದಳು. ಪಾಪುವನ್ನು ನೋಡಿದಳು.

ಅಜ್ಜಿ ಬಿಟ್ಟಳು. ಅಮ್ಮ ಕೊಟ್ಟಳು. ಹಳದಿ ಹಾಲು, ಮಂದ ಹಾಲು, ಪಾಪು ಬಾಯಿಗೆ ಬಿತ್ತು.

ಪಾಪು ನುಂಗಲಿಲ್ಲ. ಹಾಲು ಕಟಬಾಯಿಂದ ಇಳಿಯಿತು. ಇನ್ನೊಂದು ತೊಟ್ಟು ಬಿತ್ತು. ಆಗ ಪಾಪು ಗಂಟಲು ಅಲ್ಲಾಡಿತು. ಗುಟುಕ್. ಕಾವಲಿನವರು ಇಳಿದರು. ಬಾಯಿ ಕಾದರು. ಗಂಟಲು ಕಾದರು. ಹೊಟ್ಟೆ ಕಾದರು. ಕರುಳು ಕಾದರು. ಹಾಲಿನ ಮೇಲೆ ಹಾಲು ಕುಡಿದು, ಬಿಸಿ ಇಳಿದು, ಪಾಪು ಅತ್ತಿತು. ಕೇರಿಗೆಲ್ಲ ಕೇಳೋ ಹಾಗೆ ಅತ್ತಿತು.

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕಜ್ಜಿ? ಪಾಪು ಉಳೀತಲ್ಲ?"

"ನಿನಗಿಂತ ಮುಂಚೆ ಒಬ್ಬ ಹುಟ್ಟಿದ್ದ ಕಣೆ. ಅವನಿಗೂ ಇದೇ ಹಾಲು ಬಂದಿತ್ತು. ನಾನೇ ಚೆಲ್ಲಿಸಿದೆ."

ದುಗ್ಗಿ ಅಜ್ಜಿಗೆ ಒತ್ತಿಕೊಂಡು ಕೂತಳು.

"ಅವನ ಹೆಸರೇನಜ್ಜಿ?"

"ಹೆಸರು ಇಡೋ ಅಷ್ಟರಲ್ಲಿ ಹೋಗ್ಬಿಟ್ಟ."

ಕತೆ ಇಷ್ಟೇ ಮಕ್ಕಳೇ. ಪಾಪು ಮಲಗಿದೆ. ನೀವೂ ಮಲಗಿ.