ಮಡಚಿದ ತೋಳು

"ಬುದ್ಧೀ, ದಾಸೋಹದಲ್ಲಿ ಬಡಿಸುವಾಗ ನಿಲುವಂಗಿಯ ತೋಳನ್ನು ಮಡಚಿಕೊಂಡರೆ ತಪ್ಪೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಮರುಳಯ್ಯ. ಮಠಕ್ಕೆ ಊಟಕ್ಕೆ ಬಂದವರಿಗೆ ಸಾರು ಬಡಿಸುವ ಕೆಲಸ ಅವನದು. ಹಿಂದಿನ ದಿನ ಅಂಗಿಯ ತೋಳು ಸಾರಿನ ಪಾತ್ರೆಗೆ ಬಿದ್ದು, ಬಿಸಿ ಬಟ್ಟೆ ಚರ್ಮಕ್ಕೆ ಅಂಟಿ, ಮುಂಗೈ ಬೊಬ್ಬೆ ಎದ್ದಿತ್ತು. ಇವತ್ತು ತೋಳು ಮಡಚಿಕೊಂಡು ಬಂದಿದ್ದಕ್ಕೆ ಮಠದ ಹಿರಿಯರೊಬ್ಬರು ಪಂಕ್ತಿಯ ನಡುವೆಯೇ ಗದರಿದ್ದರು. ಗೋಡೆಯ ಮೇಲಿನ ಮೂಲಗುರುಗಳ ಚಿತ್ರ ನೋಡು, ಅವರ ತೋಳು ಮಣಿಕಟ್ಟಿನವರೆಗೂ ಇದೆ, ಅವರಿಗಿಂತ ನೀನು ದೊಡ್ಡವನಾದೆಯಾ ಎಂದಿದ್ದರು.

ಗುರುಗಳು ಮರುಳಯ್ಯನ ಬೊಬ್ಬೆಯನ್ನು ಬಹಳ ಹೊತ್ತು ನೋಡಿದರು. ಅವರು ಮಾಗಿಯ ಚಳಿಯಲ್ಲೂ ತೋಳಿರುವ ಬಟ್ಟೆ ಹಾಕಿದವರಲ್ಲ. ಒಂದು ಕಾವಿ ಶಾಲು ಹೊದ್ದು ಬರಿ ತೋಳಿನಲ್ಲೇ ಇರುತ್ತಿದ್ದರು. ಅದು ಅವರ ವೈರಾಗ್ಯ ಎಂದು ಶಿಷ್ಯರೆಲ್ಲ ತಿಳಿದಿದ್ದರು.

"ಕೂತುಕೋ" ಎಂದು ಹೇಳಿ ಗುರುಗಳು ಕತೆ ಆರಂಭಿಸಿದರು.

ಒಂದು ಕೋಟೆ ಇತ್ತು. ಅದಕ್ಕೆ ಒಬ್ಬ ಒಡೆಯ, ಅವನ ಸೈನ್ಯಕ್ಕೆ ಒಬ್ಬ ದಳವಾಯಿ. ಸಿಪಾಯಿಗಳಿಗೆ ಅರಮನೆಯಿಂದಲೇ ಅಂಗಿ ಕೊಡುತ್ತಿದ್ದರು. ದಪ್ಪ ಬಟ್ಟೆ, ಮಣಿಕಟ್ಟಿನಲ್ಲಿ ಕಸೆ ದಾರದಿಂದ ಕಟ್ಟಿದರೂ ಜೋಲುವ ಉದ್ದ ತೋಳು. ತೋಳಿನ ಅಂಚಿನಲ್ಲಿ, ಸರಿಯಾಗಿ ಮಣಿಕಟ್ಟಿನ ಮೇಲೆ, ಹಳದಿ ದಾರದಲ್ಲಿ ಒಡೆಯನ ಮುದ್ರೆ ಹೊಲಿದಿರುತ್ತಿತ್ತು. ತೋಳು ಮಡಚಿದರೆ ಮುದ್ರೆ ತಲೆಕೆಳಗಾಗಿ ಮಡಿಕೆಯೊಳಗೆ ಹೋಗುತ್ತಿತ್ತು. ಆದ್ದರಿಂದ ಆ ಕೋಟೆಯಲ್ಲಿ ತೋಳು ಮಡಚುವಂತಿರಲಿಲ್ಲ. ಮಡಚಿದವನು ಒಡೆಯನಿಗೆ ಅವಮಾನ ಮಾಡಿದವನು. ಅಂಥವನು ಯುದ್ಧದಲ್ಲಿ ಸತ್ತರೂ ಅವನ ಮನೆಯವರಿಗೆ ನೆತ್ತರುಗೊಡಗೆಯ ಹೊಲ ಸಿಗುತ್ತಿರಲಿಲ್ಲ. ರಕ್ತ ಸುರಿಸಿದವನ ಮನೆಗೆ ಅರಮನೆ ಕೊಡುವ ಹೊಲ ಅದು. ಅದಿಲ್ಲದಿದ್ದರೆ ಸಿಪಾಯಿಯ ಹೆಂಡತಿಗೋ ತಾಯಿಗೋ ಬೇರೆ ದಿಕ್ಕಿರಲಿಲ್ಲ.

ಹೆಬ್ಬಾಗಿಲ ಮೇಲಿನ ಬುರುಜಿನಲ್ಲಿ ಒಂದು ತೋಪು ಇತ್ತು. ಅದಕ್ಕೆ ಇಬ್ಬರು ಸಿಪಾಯಿಗಳು. ಒಬ್ಬ ಮದ್ದು ತುಂಬುವವನು, ಇನ್ನೊಬ್ಬ ಬತ್ತಿ ಇಡುವವನು. ಇಬ್ಬರೂ ಗೆಳೆಯರು. ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು.

ಕಿಡಿ ಸಿಡಿಯುವ ಕಡೆ ಉದ್ದ ತೋಳು ಎಂಥ ಪೀಡೆ ಎಂಬುದು ತೋಪಿನ ಹತ್ತಿರ ನಿಂತವನಿಗೆ ಮಾತ್ರ ಗೊತ್ತು. ಇಬ್ಬರೂ ದಳವಾಯಿಯ ಬಳಿಗೆ ಹೋಗಿ, ಬೇರೆಯವರದು ಹೇಗಾದರೂ ಇರಲಿ, ತೋಪಿನವರಿಗೆ ಮಾತ್ರ ತೋಳು ಮಡಚಲು ಅಪ್ಪಣೆ ಆಗಬೇಕು ಎಂದು ಬೇಡಿಕೊಂಡರು. ದಳವಾಯಿ ಆಗ ಮಾವಿನ ಹಣ್ಣು ತಿನ್ನುತ್ತಿದ್ದ. ರಸ ಮುದ್ರೆಗೆ ತಾಗಬಾರದೆಂದು ತನ್ನ ಎರಡೂ ತೋಳುಗಳನ್ನು ಮೊಣಕೈಯವರೆಗೆ ಮಡಚಿಕೊಂಡಿದ್ದ. ಅದು ಅವನ ಭಕ್ತಿ. ಅವನು ವಾಟೆ ಚೀಪಿ ಮುಗಿಸುವವರೆಗೆ ಇಬ್ಬರೂ ಕೈಕಟ್ಟಿ ನಿಂತಿದ್ದರು.

"ಕಿಡಿಗೆ ಹೆದರುವ ಕೈ ಶತ್ರುವಿಗೆ ಹೆದರುವುದಿಲ್ಲ ಎಂದು ಹೇಗೆ ನಂಬಲಿ?" ಎಂದ ದಳವಾಯಿ. "ತೋಳು ಮಡಚುವವರು ಕೂಲಿಯವರು, ಇಲ್ಲವೆ ಬೀದಿ ಜಗಳದವರು. ನೀವು ಯಾರು?"

ಇಬ್ಬರೂ ತಲೆ ತಗ್ಗಿಸಿ ಹಿಂದಿರುಗಿದರು.

ಆ ಬೇಸಗೆಯಲ್ಲೇ ಶತ್ರುಗಳು ಬಂದು ಹೆಬ್ಬಾಗಿಲಿಗೆ ಮುತ್ತಿಗೆ ಹಾಕಿದರು. ಬಾಗಿಲು ಮುರಿಯಲು ದೊಡ್ಡ ಮರದ ದಿಮ್ಮಿ ಹೊತ್ತು ತಂದಿದ್ದರು. ಅವರನ್ನು ತಡೆಯಲು ಆ ಒಂದು ತೋಪಲ್ಲದೆ ಬೇರೇನೂ ಇರಲಿಲ್ಲ. ಮೊದಲ ಎರಡು ಸಲ ಹಾರಿಸುವಷ್ಟರಲ್ಲಿ ದಿಮ್ಮಿ ಅರ್ಧ ದಾರಿ ದಾಟಿತ್ತು. ಮದ್ದು ತುಂಬುವವನು ಪ್ರತಿ ಸಲವೂ ಒಂದು ಕೈಯಲ್ಲಿ ಇನ್ನೊಂದು ಕೈಯ ತೋಳನ್ನು ಹಿಡಿದುಕೊಂಡೇ ಮದ್ದು ಸುರಿಯಬೇಕಾಗಿತ್ತು. ಬತ್ತಿ ಇಡುವವನ ತೋಳಿಗೆ ಅಷ್ಟರಲ್ಲಿ ಕಿಡಿ ಹತ್ತಿಕೊಂಡಿತು. ಮದ್ದಿನವನು ಅದನ್ನು ಬರಿಗೈಯಲ್ಲಿ ಬಡಿದು ಆರಿಸಿದ. ಆಮೇಲೆ ತನ್ನ ಎರಡೂ ತೋಳುಗಳನ್ನು ಮೊಣಕೈಯ ಮೇಲಕ್ಕೆ ಮಡಚಿದ.

"ನೀನೂ ಮಡಚ್ಕೊಳ್ಳೋ" ಎಂದ. "ಮುದ್ರೆ ಸುಟ್ಟರೆ ಮತ್ತೆ ಹೊಲೀಬಹುದು. ಕೈ ಸುಟ್ಟರೆ ಯಾರು ಹೊಲೀತಾರೆ?"

ಗೆಳೆಯ ಮಡಚಲಿಲ್ಲ. ಅವನಿಗೆ ಶತ್ರುವಿಗಿಂತ ದಳವಾಯಿಯ ಭಯವೇ ಹೆಚ್ಚಾಗಿತ್ತು.

ಆಮೇಲೆ ತೋಪು ಎಡೆಬಿಡದೆ ಸಿಡಿಯಿತು. ಮದ್ದಿನವನು ಎರಡೂ ಕೈಗಳಿಂದ ಕೆಲಸ ಮಾಡಿದ. ದಿಮ್ಮಿ ಹೊತ್ತವರು ಬಾಗಿಲಿಗೆ ಹತ್ತು ಮಾರು ಇರುವಾಗ ದಿಮ್ಮಿಯನ್ನು ಬಿಸಾಕಿ ಓಡಿದರು. ಅವರ ಹಿಂದೆ ಉಳಿದವರೂ ಓಡಿದರು. ಓಡುವವರಲ್ಲಿ ಒಬ್ಬ ತಿರುಗಿ ಹಾರಿಸಿದ ಗುಂಡು ಮದ್ದಿನವನ ಎದೆಗೆ ಬಿತ್ತು. ಅವನು ತೋಪಿನ ಚಕ್ರಕ್ಕೆ ಒರಗಿ ಕೂತ. ಮತ್ತೆ ಏಳಲಿಲ್ಲ.

ಕೋಟೆ ಉಳಿಯಿತು. ದಳವಾಯಿ ಸತ್ತವರನ್ನು ನೋಡಲು ಬುರುಜು ಹತ್ತಿ ಬರುತ್ತಿದ್ದಾನೆ ಎಂದು ಕೆಳಗಿನಿಂದ ಕೂಗಿದರು. ಗೆಳೆಯನಿಗೆ ಸತ್ತವನ ಬರಿ ತೋಳುಗಳು ಕಂಡವು. ದಳವಾಯಿ ಆ ತೋಳುಗಳನ್ನು ಕಂಡರೆ ಸತ್ತವನ ಮುದುಕಿ ತಾಯಿಗೆ ಹೊಲ ಇಲ್ಲ ಎಂಬುದು ನೆನಪಾಯಿತು. ಅವನು ಮೊಣಕಾಲೂರಿ ಕೂತು ಒಂದೊಂದೇ ಮಡಿಕೆ ಬಿಡಿಸಿ, ತೋಳುಗಳನ್ನು ಮಣಿಕಟ್ಟಿನವರೆಗೆ ಎಳೆದು, ಕಸೆ ಕಟ್ಟಿದ. ಕೈ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಮಾಡಿದ್ದು ಪ್ರೀತಿಯಿಂದಲೇ. ಅದರಲ್ಲಿ ಸಂಶಯವಿಲ್ಲ.

ದಳವಾಯಿ ಬಂದು ನೋಡಿದ. ಹಳದಿ ಮುದ್ರೆ ನೆಟ್ಟಗೆ ಕಾಣುತ್ತಿತ್ತು. ಅವನ ಕಣ್ಣು ತುಂಬಿತು. ನೋಡಿ, ಪ್ರಾಣ ಹೋದರೂ ಇವನು ಶಿಸ್ತು ಬಿಡಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ತೋಳು ಮಡಚಲು ಅಪ್ಪಣೆ ಬೇಡಿ ಇದೇ ಸಿಪಾಯಿ ತನ್ನ ಮುಂದೆ ಕೈಕಟ್ಟಿ ನಿಂತಿದ್ದ ಎಂಬುದು ಅವನಿಗೆ ನೆನಪಿರಲಿಲ್ಲ.

ತಾಯಿಗೆ ಹೊಲ ಸಿಕ್ಕಿತು. ಮಗನಿಗೆ ಹೆಬ್ಬಾಗಿಲ ಮುಂದೆ ವೀರಗಲ್ಲು ನಿಂತಿತು. ಕಲ್ಲುಕುಟಿಗ ದಳವಾಯಿ ಹೇಳಿದಂತೆ ಕೆತ್ತಿದ. ತೋಪಿನ ಪಕ್ಕ ನಿಂತ ವೀರ, ಮಣಿಕಟ್ಟಿನವರೆಗೆ ಇಳಿದ ತೋಳು, ತೋಳಿನ ಅಂಚಿಗೆ ಮುದ್ರೆ. ಮುದ್ರೆ ಮುಖಕ್ಕಿಂತ ಚೆನ್ನಾಗಿ ಬಂದಿತ್ತು.

ಕಲ್ಲು ನಿಲ್ಲಿಸಿದ ದಿನ ಮುದುಕಿ ಬಂದಳು. ಅವಳಿಗೆ ಕಣ್ಣು ಮಂಜಾಗಿತ್ತು. ಕಲ್ಲಿನ ಮೇಲೆ ಕೈಯಾಡಿಸಿದಳು. ಮುಖ, ಎದೆ, ಆಮೇಲೆ ತೋಳು. ಅಲ್ಲಿ ಅವಳ ಕೈ ನಿಂತಿತು.

"ನನ್ ಮಗ ಹೊಲಕ್ಕೋದ್ರೂ ಉಣ್ಣಕ್ ಕೂತ್ರೂ ತೋಳು ಮೇಲಕ್ ಸರುಸ್ಕೊಂಡೇ ಇರೋನು ಕಣಪ್ಪ" ಎಂದಳು. "ಇದ್ಯಾರು?"

"ನಿನ್ನ ಮಗನೇ ಕಣವ್ವ" ಎಂದ ಗೆಳೆಯ.

ವರ್ಷಗಳು ಕಳೆದವು. ತೋಪಿಗೆ ಬಂದ ಹೊಸಬರೆಲ್ಲ ಅದೇ ಅಪ್ಪಣೆ ಕೇಳುತ್ತಿದ್ದರು. ದಳವಾಯಿಗೆ ಈಗ ವಾದ ಮಾಡುವ ಕಷ್ಟ ಇರಲಿಲ್ಲ. ಕಲ್ಲಿನ ಕಡೆ ಬೆರಳು ತೋರಿಸಿದರೆ ಸಾಕಾಗಿತ್ತು. ಗೆಲ್ಲಬೇಕಾದರೆ ಹೀಗಿರಬೇಕು ಎನ್ನುತ್ತಿದ್ದ. ಕೇಳಿದವರು ನಾಚಿಕೊಂಡು ಹಿಂದಿರುಗುತ್ತಿದ್ದರು. ಮೊದಲು ದಳವಾಯಿಯನ್ನು ಮನಸ್ಸಿನಲ್ಲೇ ಬೈದುಕೊಳ್ಳುವ ಸ್ವಾತಂತ್ರ್ಯವಾದರೂ ಸಿಪಾಯಿಗಳಿಗೆ ಇತ್ತು. ಈಗ ಅದೂ ಹೋಯಿತು. ಸತ್ತ ವೀರನನ್ನು ಬೈಯುವವರು ಯಾರು?

ಮುದುಕಿಯೂ ತೀರಿಕೊಂಡಳು. ಹೊಲ ಅರಮನೆಗೆ ಮರಳಿತು. ಆ ಸುಳ್ಳಿನಿಂದ ಯಾರ ಹೊಟ್ಟೆಯೂ ತುಂಬದಂತಾಯಿತು. ಇನ್ನು ನಿಜ ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ, ಹೇಳಿದವನೊಬ್ಬನನ್ನು ಬಿಟ್ಟು.

ಆ ಕಾಲಕ್ಕೆ ಮದ್ದು ತುಂಬಲು ಒಬ್ಬ ಹೊಸ ಸಿಪಾಯಿ ಬಂದ. ಮೂರು ಮಕ್ಕಳ ತಂದೆ, ನಿಧಾನಸ್ಥ. ಒಂದು ದಿನ ತೋಪು ಒರೆಸುತ್ತ ಅವನು ಗೆಳೆಯನನ್ನು ಕೇಳಿದ. ಅಣ್ಣ, ನೀನು ಅವನ ಪಕ್ಕದಲ್ಲೇ ಇದ್ದವನು, ನೀನು ಹೇಳಿದರೆ ನಂಬುತ್ತೇನೆ, ಅಷ್ಟು ಬೇಗ ಬೇಗ ಮದ್ದು ತುಂಬುವಾಗಲೂ ಅವನು ನಿಜವಾಗಿ ತೋಳು ಮಡಚಲಿಲ್ಲವಾ?

ಗೆಳೆಯ ಬುರುಜಿನಿಂದ ಕೆಳಗೆ ನೋಡಿದ. ಕಲ್ಲಿಗೆ ಯಾರೋ ಹೂವು ಇಟ್ಟಿದ್ದರು. ಇಷ್ಟು ವರ್ಷ ಸುಮ್ಮನಿದ್ದವನು ಈಗ ಬಾಯಿಬಿಟ್ಟರೆ ಜನ ಏನೆಂದಾರು ಎಂಬ ಯೋಚನೆ ಬಂತು. ಮಡಚಲಿಲ್ಲ ಎಂದ.

ಹೊಸಬ ತನ್ನ ತೋಳಿನ ಕಸೆಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡ.

ಅದಾಗಿ ಹದಿನೈದು ದಿನಕ್ಕೆ ಒಡೆಯನ ಹುಟ್ಟುಹಬ್ಬ ಬಂತು. ಯುದ್ಧವಿಲ್ಲ, ಶತ್ರುವಿಲ್ಲ, ಬರಿ ಸಲಾಮಿಗೆ ತೋಪು ಹಾರಿಸುವ ಕೆಲಸ. ತೋಳಿಗೆ ಕಿಡಿ ಬಿತ್ತು. ಬಿಗಿದ ಕಸೆ ಬಿಚ್ಚಲು ಬರಲಿಲ್ಲ. ಒದ್ದಾಡುವಾಗ ಉರಿಯುವ ತೋಳು ಮದ್ದಿನ ಚೀಲಕ್ಕೆ ತಗುಲಿತು. ಅವನು ಎಂಟು ದಿನ ಬದುಕಿದ್ದ. ಸಲಾಮಿನಲ್ಲಿ ಸತ್ತವನಿಗೆ ಹೊಲ ಕೊಡುವ ಪದ್ಧತಿ ಇರಲಿಲ್ಲ.

ಮೂರು ಮಕ್ಕಳನ್ನು ಕರೆದುಕೊಂಡು ಅವನ ಹೆಂಡತಿ ಹೆಬ್ಬಾಗಿಲು ದಾಟಿ ಹೋಗುವಾಗ ವೀರಗಲ್ಲಿಗೆ ಕೈಮುಗಿದಳು. ಗೆಳೆಯ ಅದನ್ನು ಬುರುಜಿನ ಮೇಲಿನಿಂದ ನೋಡಿದ. ಮಾರನೆಯ ದಿನ ಅವನು ಕೋಟೆ ಬಿಟ್ಟು ಹೋದ. ಎಲ್ಲಿಗೆ ಹೋದ ಎಂದು ಯಾರೂ ಕೇಳಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಯ್ಯ ತನ್ನ ಬೊಬ್ಬೆ ಎದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಗೆ ದಳವಾಯಿಯ ಮೇಲೆ ಅಷ್ಟಾಗಿ ಸಿಟ್ಟು ಬರಲಿಲ್ಲ. ಆ ಗೆಳೆಯನ ಮೇಲೆ ಬಂತು.

"ತಾಯಿ ಸತ್ತ ಮೇಲಾದರೂ ಅವನು ನಿಜ ಹೇಳಬಹುದಿತ್ತಲ್ಲ ಬುದ್ಧೀ?"

ಗುರುಗಳು ಶಾಲು ಸರಿಸಿ ತಮ್ಮ ಬರಿ ತೋಳನ್ನು ನೋಡಿಕೊಂಡರು.

"ಈಗ ಹೇಳಿದ."