ದೀಪ ದೊಡ್ಡದು ಮಾಡು

"ಕೇಳ್ರಪ್ಪೋ ಕೇಳಿ! ಕಿರುಹೊಳೆ ಸೀಮೆಯ ದೊರೆ ಭೂತಿರಾಯರ ಅಪ್ಪಣೆ! ಮಗಳು ಚೆನ್ನಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರು ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಉಳಿಯದು!"

ಡಂಗುರದವನು ಬೀದಿಬೀದಿ ಸಾರಿಕೊಂಡು ಹೋದ. ಒಗಟು ಮಗಳದು, ತಲೆಯ ಮಾತು ಮಾತ್ರ ಅಪ್ಪನದು. ಮಗಳು ಒಗಟು ಹಾಕಿದ್ದು ಯಾಕೆ ಅಂತೀರಾ? ಮೊದಲೆಲ್ಲ ಸಂಜೆಯಾದರೆ ಆ ಊರು ಎಷ್ಟು ಚೆಂದ ಇತ್ತು! ಜಗಲಿಗೊಂದು ಹೊಂಗೆಣ್ಣೆ ದೀಪ, ಸುತ್ತ ಮಕ್ಕಳು, ಎಲೆಯಡಿಕೆ ಮೆಲ್ಲುತ್ತಾ ಮಾತಾಡುವ ಮುದುಕರು. ಚೆನ್ನಾಜಿಯ ತಾಯಿ ಬದುಕಿದ್ದಾಗ ಮಗಳನ್ನು ಎತ್ತಿಕೊಂಡು ಮಹಡಿಯಿಂದ ತೋರಿಸುತ್ತಿದ್ದಳು, "ನೋಡು ಕಂದಾ, ಮಲ್ಲಿಗೆ ಚೆಲ್ಲಿದ ಹಾಗಿದೆ" ಅಂತ. ಈಗ ಅದೇ ಮಹಡಿಯಿಂದ ನೋಡಿದರೆ ಬರೀ ಕತ್ತಲು. ಕಾರಣ ಮಗಳಿಗೆ ಗೊತ್ತಿತ್ತು. ಹೇಳಹೋದರೆ ಅಪ್ಪ, "ನಿನಗ್ಯಾಕೆ ರಾಜ್ಯದ ಮಾತು?" ಎಂದು ಗದರಿಬಿಟ್ಟ. ಅದಕ್ಕೇ ಒಗಟು ಹೂಡಿದಳು.

ಮೊದಲು ಬಂದವನು ಪಕ್ಕದ ಸೀಮೆಯ ರಾಜಕುಮಾರ. ಚೆನ್ನಾಜಿ ಕೇಳಿದಳು: "ತವರಲ್ಲಿ ಅಗ್ಗ, ಹೋದ ಮನೆಯಲ್ಲಿ ಬಂಗಾರ. ಬಣ್ಣ ಬದಲಾಗಿಲ್ಲ, ತೂಕ ಹೆಚ್ಚಿಲ್ಲ. ಯಾರವಳು?"

"ಸೊಸೆ!" ಎಂದ ಮೀಸೆ ತಿರುವಿ.

ಸಭೆಯ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. "ಯಾವ ಊರಲ್ಲಪ್ಪಾ ಸೊಸೆಗೆ ಅಷ್ಟು ಬೆಲೆ?" ರಾಜಕುಮಾರ ಸೆರೆಮನೆಗೆ ಹೋದ.

ಆಮೇಲೆ ಬಂದ ಸೆಟ್ಟರ ಮಗ. ಮೊದಲನೆಯದನ್ನು ಬಿಡಿಸಿ, ಎರಡನೆಯದಕ್ಕೆ "ಬೀಸುಕಲ್ಲು" ಎಂದು ಅವನೂ ಒಳಗೆ ಹೋದ. ಮಾರನೆಯ ದಿನ ಇಬ್ಬರ ತಲೆಗೂ ಕತ್ತಿ ಅಂತ ತೀರ್ಮಾನವಾಯಿತು.

ಆಗ ಹೊರಟ ನೋಡಿ, ಎತ್ತಿನ ಮೇಲೆ ಎಣ್ಣೆ ಕೊಡ ಹೇರುವ ಜವರ. ಅವನ ತಾಯಿ ಕೆಂಪವ್ವ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಕಣ್ ಮಗಾ. ನಿನ್ನ ತಲೆ ಹೋದ್ರೆ ನಾನು ಯಾರ ಮುಖ ನೋಡ್ಲಿ?"

"ಈಗೇನು ನೋಡ್ತಿದ್ದೀಯವ್ವಾ? ಮಬ್ಬಲ್ಲಿ ಹೋಗ್ತೀನಿ, ಕತ್ತಲಲ್ಲಿ ಬರ್ತೀನಿ. ಊರಿಗೆಲ್ಲ ಎಣ್ಣೆ ಹೊತ್ತು ಮನೇಲಿ ತಡಕಾಡಿ ಉಣ್ತೀನಿ. ಒಂದಿನ ದೀಪದಲ್ಲಿ ಎದುರುಬದುರು ಕೂತು ಉಣ್ಣೋಣ."

ಸಭೆಯಲ್ಲಿ ಮೊದಲನೆಯ ಒಗಟು ಕೇಳಿ ಜವರ ನಕ್ಕ. "ಹೊಂಗೆಣ್ಣೆ ಕಣ್ರವ್ವಾ. ಗಾಣದ ಬಾಗಿಲಲ್ಲಿ ಅಗ್ಗ. ಬೆಟ್ಟ ಹತ್ತಿ ಇಳಿಯೋದ್ರೊಳಗೆ ಎತ್ತಿನ ಹುಲ್ಲು, ನನ್ನ ಮುದ್ದೆ ಎಲ್ಲ ಅದರ ಬೆಲೆಗೇ ಸೇರ್ತದೆ."

"ಸರಿ. ನಿಂತ ಜಾಗ ಬಿಡುವುದಿಲ್ಲ, ಹೊರೆ ಹೊರುವುದಿಲ್ಲ, ಆದರೂ ಎತ್ತಿಗಿಂತ ಹೆಚ್ಚು ತಿನ್ನುತ್ತದೆ. ಯಾವುದದು?"

ಜವರ ದೊರೆಯತ್ತ ಒಮ್ಮೆ ನೋಡಿದ. "ಸುಂಕದ ಕಟ್ಟೆ, ಬುದ್ಧೀ."

ಭೂತಿರಾಯ ಧಡಕ್ಕನೆ ಎದ್ದ. "ಏನಂದೆ? ಸುಂಕ ಎಲ್ಲ ರಾಜ್ಯದಲ್ಲೂ ಇದೆಯಲ್ಲೋ!"

"ಇಲ್ಲ ಬುದ್ಧೀ. ಮೇಲುಸೀಮೆ ಗಾಣಕ್ಕೆ ನಮಗಿಂತ ದೂರ, ಆದ್ರೂ ಅಲ್ಲಿ ಎಣ್ಣೆ ಅಗ್ಗ. ಅಲ್ಲಿನ ರಾಣೆಮ್ಮ ದೀಪದೆಣ್ಣೆಗೆ ಸುಂಕ ಇಟ್ಟಿಲ್ಲ, ಮೇಲಾಗಿ ಬೊಕ್ಕಸದಿಂದ ಒಂದಿಷ್ಟು ತುಂಬಿಕೊಡ್ತಾರೆ. ಗಾಣ ಅದೇ, ಎತ್ತೂ ಅದೇ. ದೊರೆ ಮಾತ್ರ ಬೇರೆ."

ಚೆನ್ನಾಜಿ ಮೆಲ್ಲಗೆ ಕೊನೆಯದನ್ನು ಕೇಳಿದಳು: "ದೀಪ ದೊಡ್ಡದಾದರೆ ಮನೆ ಕತ್ತಲಾಗುತ್ತದೆ. ಹೇಗೆ?"

ಜವರನಿಗೆ ಹೊಳೆಯಲಿಲ್ಲ. ಕತ್ತಿಯವನು ಒಂದು ಹೆಜ್ಜೆ ಮುಂದೆ ಬಂದ. ಅಯ್ಯೋ ಅವ್ವಾ ಎಂದುಕೊಂಡ. ಅವ್ವ ಅಂದ ಕೂಡಲೇ ಅವಳ ದನಿ ಕಿವಿಗೆ ಬಂತು. ದೇವರ ಮುಂದೆ ದೀಪ ಹಚ್ಚಿ ಕೈಮುಗಿದು, ಹಣತೆ ಬಿಸಿಯಾಗುವ ಮೊದಲೇ ಅವಳು ಹೇಳುವ ಮಾತು.

"'ದೀಪ ದೊಡ್ಡದು ಮಾಡು ಮಗಾ' ಅಂತಾಳೆ ನಮ್ಮವ್ವ! ದೀಪ ಆರಿಸು ಅಂತ ಮನೇಲಿ ಯಾರೂ ಬಾಯಿಬಿಟ್ಟು ಅನ್ನಲ್ಲ, ಅಪಶಕುನ. ದೊಡ್ಡದು ಮಾಡು ಅಂತಾರೆ. ಮೊದಲು ಉಂಡು, ಕತೆ ಕೇಳಿ ಆದಮೇಲೆ ಅಂತಿದ್ರು. ಈಗ ಹಚ್ಚಿದ ಕೂಡಲೇ ಅಂತಾರೆ, ಬುದ್ಧೀ."

ಭೂತಿರಾಯ ಕುಸಿದು ಕೂತ. ತೀರಿಹೋದ ರಾಣಿಯೂ ಹಾಗೇ ಅನ್ನುತ್ತಿದ್ದಳಲ್ಲ, ಮಗಳು ತೊಡೆಯ ಮೇಲೆ ನಿದ್ದೆಹೋದಮೇಲೆ, ಪಿಸುದನಿಯಲ್ಲಿ.

"ಏನು ಬೇಕೋ ಕೇಳಪ್ಪಾ" ಎಂದ.

"ದೀಪದೆಣ್ಣೆ ಸುಂಕ ಬಿಡಿ ಬುದ್ಧೀ. ಒಳಗಿರೋ ಇಬ್ಬರನ್ನೂ ಬಿಡಿ, ಪಾಪ."

"ಸುಂಕ ಬಿಟ್ಟರೆ ರಸ್ತೆ, ಕೆರೆ ನೋಡೋದು ಹೇಗೆ?"

"ರೇಷ್ಮೆ ಮೇಲೆ ಇನ್ನಷ್ಟು ಹಾಕಿ ಅಪ್ಪಾಜಿ. ನಾನು ನೂಲಿನ ಸೀರೆ ಉಡ್ತೀನಿ" ಎಂದಳು ಚೆನ್ನಾಜಿ.

ಅಂದೇ ಅಪ್ಪಣೆಯಾಯಿತು. ಜವರನ ಎತ್ತಿಗೆ ಗೆಜ್ಜೆಸರ, ಅವನಿಗೆ ಅರಮನೆಯ ಎಣ್ಣೆ ಹೇರುವ ಕೆಲಸ ಸಿಕ್ಕಿತು. ಸಂಜೆ ಒಂದು ಜಗಲಿ ಬೆಳಗಿತು, ಪಕ್ಕದ್ದು ಬೆಳಗಿತು, ಮಹಡಿಯ ಮೇಲೆ ಅಪ್ಪ ಮಗಳು ನೋಡುತ್ತ ನಿಂತರು.

ಇತ್ತ ಕೆಂಪವ್ವ ದೀಪ ಹಚ್ಚಿ, ಮುದ್ದೆ ಬಡಿಸಿ, ಮಗನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಲಾ ಇವನ! ನಿಂಗೆ ಮೀಸೆ ಯಾವಾಗ ಬಂತೋ?"